ಕಣ್ಣು ಬೆಳೆಯುವ ಹಾಳೆ

ನನ್ನ ಗಂಡನ ಎಡಗಣ್ಣಿನಲ್ಲಿ, ಮೇಲಿನ ರೆಪ್ಪೆಯ ಮರೆಗೆ, ಉಗುರು ಕತ್ತರಿಸಿದಾಗ ನೆಲಕ್ಕೆ ಬೀಳುವ ಚೂರಿನಷ್ಟು ಒಳ್ಳೆಯ ಜಾಗ ಉಳಿದಿತ್ತು. ವರ್ಷಗಟ್ಟಲೆ ನಮ್ಮ ಮನೆಯ ಮಾತು, ಜಗಳ, ಪ್ರೇಯರ್ ಎಲ್ಲವೂ ಅದರ ಸುತ್ತಲೇ ತಿರುಗಿದವು. ಅದನ್ನು ಯಾವಾಗ ತೆಗೆಯಬೇಕು, ಯಾವುದರ ಮೇಲೆ ಬೆಳೆಸಬೇಕು, ಬೆಳೆಸಿದರೆ ಅವರು ಮತ್ತೆ ನೋಡುತ್ತಾರೆಯೇ? ಬೇರೆಯವರ ಮನೆಗಳಲ್ಲಿ ಹೊಲದ ಬಗ್ಗೆ, ಸಂಬಂಧದ ಬಗ್ಗೆ ಮಾತಾಡುವಂತೆ ನಾವು ಆ ಚೂರಿನ ಬಗ್ಗೆ ಮಾತಾಡುತ್ತಿದ್ದೆವು.

ಅದು ತೊಂಬತ್ತರ ದಶಕ. ಬೈಲಹೊಂಗಲದ ನಮ್ಮ ಮನೆಗೆ ಪ್ರತಿ ದೀಪಾವಳಿಗೂ ಅವರೇ ಸುಣ್ಣ ಹಚ್ಚುತ್ತಿದ್ದರು. ಈ ಸಲವಾದರೂ ಪೇಂಟರ್ ಕರೆದು ಡಿಸ್ಟೆಂಪರ್ ಹಚ್ಚಿಸೋಣ ಎಂದರೆ, “ಡಿಸ್ಟೆಂಪರ್ ಹಚ್ಚಿದ್ರ ಗ್ವಾಡಿ ಉಸಿರಾಡೂದಿಲ್ಲ, ಟೀಚರ್” ಎನ್ನುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಮನೆಯಲ್ಲೂ ಅವರಿಗೆ ನಾನು ಟೀಚರ್. ಒಂದು ದೀಪಾವಳಿಗೆ ಹಿತ್ತಲಲ್ಲಿ ದೊಡ್ಡ ಮಣ್ಣಿನ ಗಡಿಗೆಯಲ್ಲಿ ಸುಣ್ಣದ ಕಲ್ಲು ಹಾಕಿ ನೀರು ಹೊಯ್ದು, ಅದು ಕೊತಕೊತ ಕುದಿಯುವಾಗ ಬಡಿಗೆಯಿಂದ ತಿರುವುತ್ತ ಬಗ್ಗಿದ್ದರು. ಗಡಿಗೆ ಒಡೆಯಿತು. ನಾನು ಅಡುಗೆಮನೆಯಿಂದ ಓಡಿ ಬಂದಾಗ ಅವರ ಮುಖದ ತುಂಬ ಬಿಳಿ. ನಳದ ಕೆಳಗೆ ತಲೆ ಹಿಡಿದು ನೀರು ಬಿಟ್ಟೆ. ಊರಿನ ಡಾಕ್ಟರರು ಇನ್ನಷ್ಟು ತೊಳೆದರು. ಸಂಜೆಗೆ ಹುಬ್ಬಳ್ಳಿಯ ಆಸ್ಪತ್ರೆ ಸೇರಿದೆವು.

ಅಲ್ಲಿನ ಕಣ್ಣಿನ ಡಾಕ್ಟರರು ಪೇಷನ್ಸ್ ಇದ್ದ ಮನುಷ್ಯ. ಕಣ್ಣಿನ ಕಪ್ಪಿನ ಮೇಲೆ ಒಂದು ಗಾಜಿನಂಥ ಪರದೆ ಇರುತ್ತದೆ, ಅದರ ಸುತ್ತ ಅಂಚಿನಲ್ಲಿ ಬೀಜದಂಥ ಜೀವಕೋಶಗಳು ಕೂತಿರುತ್ತವೆ, ಸ್ಟೆಮ್ ಸೆಲ್ ಅನ್ನುತ್ತಾರೆ, ಅವು ಜೀವಮಾನವಿಡೀ ಆ ಪರದೆಗೆ ಹೊಸ ಚರ್ಮ ಕೊಡುತ್ತಲೇ ಇರುತ್ತವೆ ಎಂದು ತಿಳಿಸಿ ಹೇಳಿದರು. ಸುಣ್ಣ ಆ ಅಂಚನ್ನೇ ಸುಟ್ಟಿತ್ತು. ಬಲಗಣ್ಣಿನಲ್ಲಿ ಪೂರ್ತಿ. ಎಡಗಣ್ಣಿನಲ್ಲಿ ಮಾತ್ರ, ಸಿಡಿದ ಕ್ಷಣಕ್ಕೆ ರೆಪ್ಪೆ ಅರ್ಧ ಮುಚ್ಚಿದ್ದರಿಂದ, ಮೇಲ್ಭಾಗದ ಒಂದಿಷ್ಟು ಅಂಚು ಬದುಕಿತ್ತು. ಅದೇ ಆ ಉಗುರಿನ ಚೂರು. ಅಂಚು ಸತ್ತ ಕಡೆಯಿಂದ ಬಿಳಿಯ ಪೊರೆ ದಿನದಿನಕ್ಕೂ ಒಳಗೆ ತೆವಳುತ್ತ ಬಂದು ಗಾಜನ್ನು ಮುಚ್ಚಿತು. ಯುಗಾದಿ ಬರುವ ಹೊತ್ತಿಗೆ ಅವರಿಗೆ ನನ್ನ ಮುಖ ಕಾಣುವುದು ನಿಂತಿತು. ಕಿಟಕಿ ಎಲ್ಲಿ, ಗೋಡೆ ಎಲ್ಲಿ ಎಂಬ ಬೆಳಕು ಮಾತ್ರ ಉಳಿಯಿತು.

ಅವರು ಜಿನ್ನಿಂಗ್ ಫ್ಯಾಕ್ಟರಿಯೊಂದರಲ್ಲಿ ಹತ್ತಿ ನೋಡುವವರು. ಬಂಡಿಯಿಂದ ಒಂದು ಹಿಡಿ ಹತ್ತಿ ಕಿತ್ತು, ಎರಡೂ ಕೈಯಲ್ಲಿ ಎಳೆದು, ಎಳೆ ಎಷ್ಟು ಉದ್ದ ಎಂದು ಹೇಳಬೇಕು. ಅದನ್ನು ಬೆರಳೂ ಹೇಳುತ್ತದೆ. ಆದರೆ ಹತ್ತಿಯಲ್ಲಿ ಹಳದಿ ಕಲೆ ಇದೆಯೇ ಇಲ್ಲವೇ ಎಂಬುದನ್ನು ಬೆರಳು ಹೇಳುವುದಿಲ್ಲ. ಮಾಲೀಕರು ಒಳ್ಳೆಯವರೇ, ಒಂದು ಸೀಸನ್ ಇಟ್ಟುಕೊಂಡರು. ಮುಂದಿನ ಸೀಸನ್ನಿಗೆ ಇವರೇ ಹೋಗಲಿಲ್ಲ.

ನಮಗೆ ಒಬ್ಬಳೇ ಮಗಳು. ಅಪ್ಪನ ಕೈ ಹಿಡಿದು ಬಜಾರಕ್ಕೆ ಕರೆದೊಯ್ಯುತ್ತಲೇ ಕಾಲೇಜು ಮುಗಿಸಿದಳು, ಧಾರವಾಡದಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿದಳು, ಆಮೇಲೆ ಪುಣೆಯ ಒಂದು ಲ್ಯಾಬೊರೇಟರಿಗೆ ರಿಸರ್ಚಿಗೆ ಸೇರಿದಳು. ಯಾಕೆ ಸೇರಿದಳೆಂದು ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮೊದಲ ಸಲ ರಜೆಗೆ ಬಂದಾಗ ಮಾತ್ರ ಅವಳ ಕೆಲಸವೇನೆಂದು ತಿಳಿಯಿತು.

ಆಗ ಕಿತ್ತೂರು ಕಡೆಯ ದೇಗಾಂವದಿಂದ ನನ್ನ ಗಂಡನ ಅಕ್ಕ ಬಂದಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಮಗಳು ಒಂದು ಸ್ಟೀಲಿನ ತಾಟು ತೆಗೆದುಕೊಂಡು ಅದರ ಮೇಲೆ ಬೆಲ್ಲದ ನೀರು, ಗಂಜಿ, ಎಣ್ಣೆ, ತುಪ್ಪ, ಹಾಲು ಹೀಗೆ ಬೇರೆ ಬೇರೆ ಹನಿ ಸಾಲಾಗಿ ಇಟ್ಟಳು.

“ಈಗ ಇದರ ಮ್ಯಾಲೆ ಇರುವಿ ಬಿಟ್ರ ಎಲ್ಲಿ ಹೋಗಿ ಕುಂಡ್ರತಾವು, ಹೇಳ್ರಿ ಅತ್ತಿ.”

“ಯವ್ವಾ, ಇರುವಿ ಸಾಕಾಕ ಪುಣೆತನಕ ಹೋಗಬೇಕಾತೇನು? ನಮ್ಮ ಸಕ್ರಿ ಡಬ್ಬಿ ಮುಚ್ಚಳ ತಗದಿದ್ರ ಬೇಕಾದಷ್ಟು ಕೊಡ್ತಿದ್ನಿ” ಎಂದರು ಅಕ್ಕಾರು.

ಮಗಳು ನಕ್ಕಳು. ಇರುವೆಯ ಜಾಗದಲ್ಲಿ ಸ್ಟೆಮ್ ಸೆಲ್, ತಾಟಿನ ಜಾಗದಲ್ಲಿ ಗಾಜಿನ ಸ್ಲೈಡ್, ಹನಿಗಳ ಜಾಗದಲ್ಲಿ ಲ್ಯಾಬಿನಲ್ಲಿ ತಯಾರಿಸಿದ ಪಾಲಿಮರುಗಳು, ಅಂದರೆ ನಾನಾ ಬಗೆಯ ಪ್ಲಾಸ್ಟಿಕ್ಕು, ಅಂಟು, ಜೆಲ್ಲು. ಒಂದೊಂದು ಹನಿಗೂ ಒಂದೊಂದು ರೆಸಿಪಿ. ಒಂದು ಮೆತ್ತಗೆ, ಒಂದು ಗಟ್ಟಿ, ಒಂದಕ್ಕೆ ನೀರು ಸೇರುತ್ತದೆ, ಇನ್ನೊಂದಕ್ಕೆ ಸೇರುವುದಿಲ್ಲ. ಅವುಗಳ ಮೇಲೆ ಜೀವಕೋಶ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡುತ್ತ ಕೂರುವುದು. ಹಿಡಿದದ್ದು, ಹಿಡಿಯದ್ದು ಬೇರೆ ಮಾಡಿ, ಮತ್ತೆ ರೆಸಿಪಿ ತಿದ್ದಿ, ಮತ್ತೆ ಹನಿ ಇಡುವುದು. ಸ್ಕ್ರೀನಿಂಗ್ ಎಂದು ಅದರ ಹೆಸರು.

“ಬಂದು ಕೂತ್ರ ಸಾಲದು ಅತ್ತಿ. ಕೆಲವು ಕೂಡ್ತಾವು, ಸಾಯ್ತಾವು. ಕೆಲವು ಕೂಡ್ತಾವು, ಆಮ್ಯಾಲ ತಾವು ಏನಿದ್ವು ಅನ್ನೋದನ್ನ ಮರೆತು ಬ್ಯಾರೇನೋ ಆಗಿಬಿಡ್ತಾವು. ಬೀಜ ಬೀಜಾನ ಆಗಿ ಉಳದು, ಮತ್ತ ಮತ್ತ ಬೆಳೀಬೇಕು. ಅಂಥಾ ಹನಿ ಯಾವದು ಅಂತ ಹುಡುಕೂದು.”

“ಸಿಕ್ಕ ಮ್ಯಾಲೆ?” ಎಂದರು ಮೂಲೆಯಲ್ಲಿ ಕೂತಿದ್ದ ನನ್ನವರು.

“ಸಿಕ್ಕ ಮ್ಯಾಲೆ ಅದನ್ನ ತೆಳ್ಳಗ ಹಾಳಿ ಮಾಡಿ, ಅದರ ಮ್ಯಾಲೆ ಕಣ್ಣಂಚಿನ ಸೆಲ್ ಬೆಳಸಿ, ಕಣ್ಣಿಗೆ ಹಚ್ಚಬಹುದು ಅಪ್ಪಾ.”

ಅವರು ಮುಖ ಎತ್ತಿ ದನಿ ಬಂದ ಕಡೆಗೆ ತಿರುಗಿದರು. ರೊಟ್ಟಿ ಸುಡುವ ವಾಸನೆ ಬರುವವರೆಗೆ ನಾನು ಅವರನ್ನೇ ನೋಡುತ್ತಿದ್ದೆ.

ಆಗ ನನಗೆ ಸವದತ್ತಿಗೆ ವರ್ಗವಾಗಿತ್ತು. ಬೆಳಗಿನ ಬಸ್ಸಿನಲ್ಲಿ ಹೋಗುತ್ತ ಮಗಳ ಮಾತನ್ನೇ ಯೋಚಿಸುತ್ತಿದ್ದೆ. ಯಾವ ಹುಡುಗಿಯ ಪಕ್ಕ ಯಾರನ್ನು ಕೂರಿಸಿದರೆ ಅವಳು ಬಾಯಿ ಬಿಡುತ್ತಾಳೆ, ಯಾರ ಪಕ್ಕ ಕೂರಿಸಿದರೆ ಮುದುಡುತ್ತಾಳೆ ಎಂದು ಟೀಚರ್ ಆದವಳಿಗೆ ಗೊತ್ತಿರುತ್ತದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನನ್ನನ್ನು ಹಿಂದಿನ ಬೆಂಚಿನಿಂದ ಎಬ್ಬಿಸಿ ಕಿಟಕಿಯ ಬಳಿ ಕೂರಿಸಿದ್ದರಿಂದಲೇ ನಾನು ಓದುವವಳಾದೆ. ನನ್ನ ಮಗಳು ತನ್ನ ಅಪ್ಪನ ಕಣ್ಣಿಗೆ ಒಂದು ಒಳ್ಳೆಯ ಬೆಂಚು ಹುಡುಕುತ್ತಿದ್ದಾಳೆ ಎಂದುಕೊಳ್ಳುತ್ತಿದ್ದೆ. ಸಿಲ್ಲಿ ಥಾಟ್, ಆದರೆ ಆ ಬಸ್ಸಿನಲ್ಲಿ ಅದು ನನಗೆ ದೊಡ್ಡ ಕಂಫರ್ಟ್ ಆಗಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಹುಬ್ಬಳ್ಳಿಯ ಡಾಕ್ಟರರು ಕರೆಸಿದರು. ದೂರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಹೊಸ ಆಪರೇಷನ್ ಶುರುವಾಗಿದೆ, ಉಳಿದ ಅಂಚಿನಿಂದ ಚೂರು ತೆಗೆದು, ಹೆರಿಗೆಯಲ್ಲಿ ಕೂಸಿನ ಹಿಂದೆ ಬೀಳುವ ಮಾಸಿನ ಒಳಪದರದ ಮೇಲೆ ಅದನ್ನು ಬೆಳೆಸಿ, ಮತ್ತೆ ಕಣ್ಣಿಗೆ ಕೂರಿಸುತ್ತಾರೆ, ಕೆಲವರಿಗೆ ಚೆನ್ನಾಗಿ ಕಂಡಿದೆ, ಎಲ್ಲರಿಗೂ ಅಲ್ಲ, ಹೋಗಿ ಬನ್ನಿ ಎಂದರು. ನಾನು ಅಲ್ಲೇ ಮನಸ್ಸಿನಲ್ಲಿ ಬ್ಯಾಗು ತುಂಬಿದೆ.

ಅಕ್ಕಾರು ಸುದ್ದಿ ಕೇಳಿ ಓಡಿ ಬಂದರು. “ಯಾರದೋ ಬಾಣಂತಿ ಮಾಸು ತಂದು ನನ್ನ ತಮ್ಮನ ಕಣ್ಣಾಗ ಇಡ್ತಾರಂತ? ಅದನ್ನ ಹಿತ್ತಲಾಗ ಕುಣಿ ತೋಡಿ, ನಾಯಿ ಮುಟ್ಟದಂಗ ಕಲ್ಲು ಹೇರಿ ಹೂಳೂದು ನಮ್ಮ ಪದ್ಧತಿ. ಕಣ್ಣಾಗ ಹೂಳೂದು ಎಲ್ಲೂ ಕೇಳಿಲ್ಲ. ಇಂಗ್ಲಿಷ್ ಕಲತ ಸೊಸಿ ತಂದ್ರ ಹಿಂಗ ನೋಡು.”

“ಅಕ್ಕಾರ, ಇದನ್ನ ನಾ ಕಂಡು ಹಿಡದಿಲ್ಲ” ಎಂದೆ.

“ನೀ ಹಿಡೀದಿದ್ರೇನಾತು, ನಿನ್ನ ಇಂಗ್ಲಿಷ್ ಹಿಡದೈತಲ್ಲ.”

ನನ್ನವರು ಇದಕ್ಕೆಲ್ಲ ನಕ್ಕರು. ಮಾಸಿಗೆ ಅವರ ತಕರಾರು ಇರಲಿಲ್ಲ. ಅವರ ತಕರಾರು ಬೇರೆ, ಅದು ಆ ರಾತ್ರಿಯ ಊಟದ ಮೊದಲೇ ಹೊರಬಿತ್ತು. ಅವರು ರಾಮದುರ್ಗದ ನೇಕಾರರ ಮನೆಯವರು. ಆ ಮನೆತನದಲ್ಲಿ ಒಂದು ಪದ್ಧತಿ. ಮಗನಾಗಲಿ ಮಗಳಾಗಲಿ ಮಗ್ಗಕ್ಕೆ ಕೂತು ಮೊದಲು ಇಳಿಸಿದ ಬಟ್ಟೆಯನ್ನು ಮಾರುವುದಿಲ್ಲ. ಎಷ್ಟೇ ಓರೆಕೋರೆ ಇರಲಿ, ಮನೆಯ ಹಿರಿಯರು ಅದನ್ನು ಮೈಮೇಲೆ ಹಾಕಿಕೊಳ್ಳಬೇಕು. ಅದಾದ ಮೇಲೆಯೇ ಆ ಕೈ ದುಡಿಯುವ ಕೈ ಆಗುತ್ತದೆ. ಮಾವನವರು ತೀರಿಕೊಳ್ಳುವಾಗಲೂ ಅವರ ಹೆಗಲ ಮೇಲೆ ಇವರು ಹುಡುಗನಾಗಿದ್ದಾಗ ನೇಯ್ದ, ಅಂಚು ವಕ್ರವಾದ ವಲ್ಲಿಯೇ ಇತ್ತು.

“ಅಕಿ ಹಾಳಿ ನೇಯಾಕ ಹತ್ತ್ಯಾಳ” ಎಂದರು ನನ್ನವರು. “ಮೊದಲನೇ ಅರಿವಿ ನನಗ. ಅದು ಇಳಿಯೂತನಕ ನಾ ತಡೀತೇನಿ.”

“ಅದು ಸೀರೆಯಲ್ಲರೀ. ಅದು ಸೈನ್ಸ್. ಅದಕ್ಕ ಎಷ್ಟು ವರ್ಷ ಬೇಕೋ.”

“ಸೀರಿಗೂ ವರ್ಷ ಬೇಕು, ಕಲಿಯೂತನಕ.”

ಮರುದಿನ ಎಸ್‌ಟಿಡಿ ಬೂತಿಗೆ ಹೋಗಿ ಪುಣೆಗೆ ಫೋನ್ ಹಚ್ಚಿದೆ, ರಿಸೀವರ್ ಅವರ ಕೈಗೆ ಕೊಟ್ಟೆ. ಮಗಳು ಕೂಗಾಡಿದ್ದು ಬೂತಿನ ಗಾಜಿನ ಹೊರಗೆ ನಿಂತವರಿಗೂ ಕೇಳಿತು. “ಅಪ್ಪಾ, ನಂದು ಇನ್ನೂ ಹನೀನ ಅಪ್ಪಾ, ಹಾಳಿ ಆಗಿಲ್ಲ. ಆಗ್ತೈತಿ ಅಂತ ಗ್ಯಾರಂಟಿ ಇಲ್ಲ. ಈಗ ಹೋಗು. ನನ್ನ ಸಲುವಾಗಿ ನಿಲ್ಲಬ್ಯಾಡ, ಪ್ಲೀಸ್.” ಅವರು ಎಲ್ಲ ಕೇಳಿಸಿಕೊಂಡು, “ನೀ ಅವಸರ ಮಾಡಬ್ಯಾಡವಾ, ಅವಸರದಾಗ ಎಳಿ ಹರೀತೈತಿ” ಎಂದು ರಿಸೀವರ್ ಇಟ್ಟರು.

ಆ ಸಂಜೆ ನಾನು ಊಟ ಬಡಿಸಲಿಲ್ಲ. ಎದುರು ಕೂತು ಅತ್ತೆ. ಆಗ ಅವರು, ಬಹಳ ಮೆಲ್ಲಗೆ, ಬೇರೆ ಮಾತು ಹೇಳಿದರು. “ಟೀಚರ್, ಇರೋದು ಒಂದ ಚೂರು. ಅದನ್ನ ಕತ್ತರಿಸಿ ಹಚ್ಚಿ, ಅದೂ ಹಿಡೀಲಿಲ್ಲ ಅಂದ್ರ? ಈಗ ಏನಿಲ್ಲಂದ್ರೂ ಚೂರರ ಐತಿ.”

ಪದ್ಧತಿ ನಿಜ, ಮಗಳ ಮೇಲಿನ ಹೆಮ್ಮೆ ನಿಜ, ಆದರೆ ಅವೆರಡರ ಕೆಳಗೆ ಈ ಭಯ ಇತ್ತು. ನಾನು ಬಿಡಲಿಲ್ಲ. ಹಬ್ಬಕ್ಕೊಮ್ಮೆ ಕೇಳಿದೆ, ಡಾಕ್ಟರರಿಂದ ಹೇಳಿಸಿದೆ, ಅಕ್ಕಾರನ್ನೂ ಒಪ್ಪಿಸಿದೆ. ಅವರು, “ಹೋಗೋ ತಮ್ಮಾ, ಮಾಸರ ಆಗಲಿ, ಮಣ್ಣರ ಆಗಲಿ, ಕಣ್ಣ ಬಂದ್ರ ಸಾಕು” ಎಂದು ಅತ್ತರು. ನನ್ನವರು ಕದಲಲಿಲ್ಲ.

ಮಗಳ ಮೇಲೆ ಏನು ಬಿತ್ತೆಂದು ಆಗ ನನಗೆ ಪೂರ್ತಿ ತಿಳಿಯಲಿಲ್ಲ. ರಜೆಗೆ ಬರುವುದು ಕಡಿಮೆ ಮಾಡಿದಳು. ಬಂದರೂ ನಿದ್ದೆಗೆಟ್ಟ ಮುಖ. ಮದುವೆಯ ಮಾತೆತ್ತಿದರೆ, “ಮಮ್ಮಿ, ನಾಟ್ ನೌ” ಅಷ್ಟೇ. ಒಂದು ಹನಿಯ ಮೇಲೆ ಸೆಲ್‌ಗಳು ಚೆಂದ ಕೂರುತ್ತವೆ, ಆದರೆ ಎಬ್ಬಿಸಲು ಹೋದರೆ ಹರಿಯುತ್ತವೆ. ಇನ್ನೊಂದರ ಮೇಲೆ ಹಾಳೆಯಂತೆ ಏಳುತ್ತವೆ, ಆದರೆ ಬೀಜತನ ಕಳೆದುಕೊಂಡಿರುತ್ತವೆ. ಅವಳು ಹೇಳುತ್ತಿದ್ದಳು, ಅಪ್ಪ ಕೇಳುತ್ತಿದ್ದರು. ಮಗ್ಗದ ನೂಲಿಗೆ ಗಂಜಿ ಹೆಚ್ಚಾದರೆ ಎಳೆ ಮುರಿಯುತ್ತದೆ, ಕಡಿಮೆಯಾದರೆ ಜುಂಗು ಏಳುತ್ತದೆ ಎಂದು ಅವರು ತಮ್ಮ ತಿಳಿವಳಿಕೆ ಕೂಡಿಸುತ್ತಿದ್ದರು. ಅದು ಅವಳಿಗೆ ಉಪಯೋಗವಾಗುವಂಥ ಮಾತೇನಲ್ಲ. ಆದರೂ ತಲೆಯಾಡಿಸುತ್ತಿದ್ದಳು, ಅವರಿಗೆ ಅದು ಕಾಣದಿದ್ದರೂ.

ಒಂದು ಸಲ ಮೂವರೂ ನವಿಲುತೀರ್ಥಕ್ಕೆ ಹೋದೆವು. ಡ್ಯಾಮಿನ ಗೇಟು ತೆರೆದಿದ್ದರು. ಕಟ್ಟೆಯ ಮೇಲೆ ನಿಂತು, “ಅಲ್ಲಿ ಬೆಳ್ಳಗ ಕಾಣಸ್ತೈತಿ, ಹೌದಿಲ್ಲೋ?” ಎಂದು ಸರಿಯಾಗಿ ನೀರು ಧುಮುಕುವ ಕಡೆಗೇ ಕೈ ತೋರಿಸಿದರು. ಮಗಳು ಅವರ ತೋಳಿಗೆ ಮುಖ ಒತ್ತಿ ನಿಂತಳು. ಅಷ್ಟು ಬೆಳಕು ಆಗಿನ್ನೂ ಇತ್ತು.

ಅವರಿಗೆ ಕಣ್ಣು ನೋವು ಬರುತ್ತಿತ್ತು. ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದರು. ಕಣ್ಣಿನೊಳಗಿನ ಪ್ರೆಶರ್ ಏರುತ್ತಿದೆ ಎಂದು ಡಾಕ್ಟರರು ಡ್ರಾಪ್ಸ್ ಕೊಟ್ಟಿದ್ದರು. ನಾನು ತಪ್ಪದೆ ಹಾಕುತ್ತಿದ್ದೆ. ಬಿಳಿ ಪೊರೆಯ ಹಿಂದೆ ಏನು ನಡೆದಿದೆ ಎಂದು ಯಾರಿಗೂ ಇಣುಕಿ ನೋಡಲು ಬರುತ್ತಿರಲಿಲ್ಲ.

ಆಮೇಲೆ ಮಗಳ ಫೋನ್ ಬಂತು. ಅಷ್ಟರಲ್ಲಿ ಮನೆಯಲ್ಲೇ ಫೋನ್ ಹಾಕಿಸಿದ್ದೆವು. “ಮಮ್ಮಿ, ಸಿಕ್ಕೈತಿ ಅನಸ್ತದ.” ಒಂದು ರೆಸಿಪಿಯ ಮೇಲೆ ಕಣ್ಣಂಚಿನ ಬೀಜಗಳು ಬೀಜವಾಗಿಯೇ ಉಳಿದು, ಹಬ್ಬಿ, ಹರಿಯದೆ ಹಾಳೆಯಾಗಿ ಎದ್ದಿದ್ದವು. ಮತ್ತೆ ಮತ್ತೆ ಮಾಡಿ ನೋಡಿದ್ದಳು. ನನ್ನವರು ಅಂದು ಕ್ಷೌರದವನನ್ನು ಮನೆಗೇ ಕರೆಸಿದರು. ಓಣಿಗೆಲ್ಲ ಪೇಡೆ ಹಂಚಿಸಿದರು. ಸಿಕ್ಕಿತು ಎಂದರೆ ಮುಗಿಯಿತು, ಮುಂದಿನ ವಾರ ಕಣ್ಣಿಗೆ ಬಂತು ಎಂದೇ ಅವರು ತಿಳಿದಿದ್ದರು. ಮೊದಲು ಮೊಲಕ್ಕೆ ಹಚ್ಚಿ ನೋಡಬೇಕು, ಆಮೇಲೆ ಕಮಿಟಿ, ಪರ್ಮಿಷನ್, ಅದಕ್ಕೆಲ್ಲ ಇನ್ನೂ ವರ್ಷಗಳು ಎಂದು ಮಗಳು ಹೇಳಿದಾಗ “ಹಂಗಾದ್ರ ಮೊಲಾ ನನಗ ಸೀನಿಯರ್ ಆತು” ಎಂದರು. ಎಲ್ಲರೂ ನಕ್ಕೆವು. ಆಮೇಲೆ ಅವರು ಪೇಡೆ ತಿನ್ನಲಿಲ್ಲ.

ಆ ಬೇಸಿಗೆಯ ಒಂದು ಬೆಳಿಗ್ಗೆ ನಾನು ಚಹಾ ತಂದೆ. ಕೋಣೆಯ ಕಿಟಕಿಗಳೆರಡೂ ತೆರೆದಿದ್ದವು, ಬಿಸಿಲು ಅವರ ಮೊಣಕಾಲಿನವರೆಗೆ ಬಂದಿತ್ತು.

“ಕಿಡಕಿ ಯಾಕ ಹಾಕೀರಿ ಟೀಚರ್? ಸೆಕಿ ಆಗಾಕ ಹತ್ತೈತಿ” ಎಂದರು.

ನಾನು ಕಪ್ಪು ಕೆಳಗಿಟ್ಟೆ. ಕಿಟಕಿಯ ಬಾಗಿಲನ್ನು ಒಮ್ಮೆ ಮುಚ್ಚಿ, ಸಪ್ಪಳವಾಗುವಂತೆ ತೆರೆದೆ. ಅವರು ಮುಖವನ್ನು ಆ ಕಡೆ ತಿರುಗಿಸಿ, ಕಾದರು. ಆಮೇಲೆ ಅವರಿಗೇ ತಿಳಿಯಿತು. “ಈಗ ತಗದೀರಿ, ಹೌದಲ್ಲ?” ಎಂದರು. “ಹೌದ್ರೀ” ಎಂದೆ.

ಹುಬ್ಬಳ್ಳಿಗೆ ಮಗಳು ಪುಣೆಯಿಂದ ನೇರವಾಗಿ ಬಂದಳು. ಡಾಕ್ಟರರು ಕತ್ತಲೆ ಕೋಣೆಯಲ್ಲಿ ಟಾರ್ಚು ಹಿಡಿದು ಎಲ್ಲ ಕಡೆಯಿಂದ ಕೇಳಿದರು, ಕಾಣುತ್ತದೆಯೇ, ಈಗ, ಈಗ. ನನ್ನವರು ಒಂದೆರಡು ಸಲ ಊಹಿಸಿ ಹೇಳಿದರು, ತಪ್ಪಾಯಿತು. ಪ್ರೆಶರಿಗೆ ಹಿಂದಿನ ನರ ಸತ್ತಿತ್ತು. ಇನ್ನು ಮುಂದಿನ ಗಾಜನ್ನು ಎಷ್ಟು ತಿಳಿ ಮಾಡಿದರೂ ನೋಡುವವರು ಒಳಗಿಲ್ಲ. ವರಾಂಡದ ಬೆಂಚಿನ ಮೇಲೆ ಮಗಳು ನೆಲ ನೋಡುತ್ತ ಕೂತಳು. “ನಾ ಬಿಡ್ತೇನಿ ಮಮ್ಮಿ. ಎಲ್ಲಾ ಬಿಡ್ತೇನಿ. ಯಾರ ಸಲುವಾಗಿ ಮಾಡ್ಲಿ ಇನ್ನ?” ಎಂದಳು. ನಾನು ಅವಳ ಬೆನ್ನ ಮೇಲೆ ಕೈ ಇಟ್ಟೆ, ಅಷ್ಟೇ ಆಯಿತು ನನ್ನಿಂದ.

ಒಳಗೆ ಅವರು ಡಾಕ್ಟರರ ಜೊತೆ ಮಾತಾಡುತ್ತಿದ್ದರು. ಬಾಗಿಲು ತೆರೆದೇ ಇತ್ತು.

“ಸಾಹೇಬ್ರ, ಆ ಮ್ಯಾಲಿನ ಚೂರು? ಅದೂ ಸತ್ತಿತೇನ್ರಿ?”

“ಇಲ್ರಿ. ಅಂಚಿನ ಸೆಲ್‌ಗಳಿಗೂ ಹಿಂದಿನ ನರಕ್ಕೂ ಸಂಬಂಧ ಇಲ್ಲ. ಅದು ಇನ್ನೂ ಚಲೋ ಐತಿ.”

“ಹಂಗಾದ್ರ ಅದನ್ನ ತಗದು ಅಕಿ ಲ್ಯಾಬಿಗೆ ಕೊಡಾಕ ಬರ್ತೈತೇನ್ರಿ?”

ಮಗಳು ತಲೆ ಎತ್ತಿದಳು. ಬೇಡ ಅನ್ನಲು ಎದ್ದು ಒಳಗೆ ಹೋದಳು. ಅಪ್ಪ ಮಗಳ ನಡುವೆ ಏನಾಯಿತೆಂದು ನಾನು ಹತ್ತಿರ ಹೋಗಿ ಕೇಳಲಿಲ್ಲ. ಹೊರಗೆ ಬಂದಾಗ ಅವಳು ಅವರ ಕೈ ಹಿಡಿದಿದ್ದಳು, ಇಬ್ಬರ ಮುಖವೂ ಒದ್ದೆಯಾಗಿತ್ತು.

ಕಮಿಟಿಯ ಒಪ್ಪಿಗೆಗೆ ತಿಂಗಳುಗಳೇ ಹಿಡಿದವು. ತನ್ನ ಅಪ್ಪನ ಸ್ಯಾಂಪಲ್ಲನ್ನು ಅವಳು ಮುಟ್ಟುವಂತಿರಲಿಲ್ಲ, ಜೊತೆಯವರು ಮಾಡಿದರು. ಡಬ್ಬಿಯ ಮೇಲೆ ಹೆಸರಿರುವುದಿಲ್ಲ, ನಂಬರ್ ಅಷ್ಟೇ. ಆದರೆ ಆ ವಾರ ಬಂದದ್ದು ಅದೊಂದೇ. ಚೂರು ತೆಗೆಸಿಕೊಂಡು, ಪಟ್ಟಿ ಕಟ್ಟಿದ ಕಣ್ಣಿನೊಂದಿಗೆ ಮನೆಗೆ ಬಂದ ನನ್ನವರು ದಿನಾಲು ಫೋನಿನ ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದರು. ಅಕ್ಕಾರು, “ನೀ ಏನು ಮಗಳನ್ನ ಹೆರಿಗಿಗೆ ಕಳಿಸಿದಾವನಂಗ ಕುಂತಿ” ಎಂದು ಗದರಿದರು. ಗದರಿ, ತಾವೂ ಪಕ್ಕದಲ್ಲೇ ಕೂತರು.

ಫೋನ್ ಬಂದದ್ದು ಒಂದು ಮಧ್ಯಾಹ್ನ. ನಾನು ರಿಸೀವರನ್ನು ಅವರ ಕಿವಿಗೂ ನನ್ನ ಕಿವಿಗೂ ನಡುವೆ ಹಿಡಿದೆ.

“ಹಿಡದಾವ ಅಪ್ಪಾ. ಹಾಳಿ ತುಂಬ ಹಬ್ಬ್ಯಾವ.”

“ಹೆಂಗ ಕಾಣಸ್ತಾವು?”

ಅವಳು ಯೋಚಿಸಿದಳು. “ಅಂಗಳಕ್ಕ ಹಾಸುಗಲ್ಲು ಹಾಸಿದಂಗ. ಒಂದಕ್ಕೊಂದು ಹತ್ತಿ, ನಡುವ ಸಂದಿ ಇಲ್ಲದಂಗ.”

“ಬಣ್ಣ?”

“ಬಣ್ಣ ಇಲ್ಲ ಅಪ್ಪಾ. ತಿಳಿ ನೀರಿನಂಗ. ಆರಪಾರ ಕಾಣ್ತದ.”

ಅವರು ಉಸಿರು ಬಿಟ್ಟದ್ದು ನನ್ನ ಕೆನ್ನೆಗೆ ತಾಗಿತು. “ಚಲೋ ಆತು. ಇನ್ನ ಅವನ್ನ ಏನ್ ಮಾಡ್ತೀರಿ?”

ಅವಳು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಬೀಜಗಳು ಎಷ್ಟು ಉಳಿದಿವೆ ಎಂದು ತಿಳಿಯಲು ಔಷಧ ಹಾಕಿ ಅವನ್ನು ಇದ್ದಲ್ಲೇ ನಿಲ್ಲಿಸಬೇಕು, ಬಣ್ಣ ಹಾಕಿ ನೋಡಬೇಕು. ಅದಾದ ಮೇಲೆ ಅವು ಜೀವಂತ ಇರುವುದಿಲ್ಲ. ಆ ಲೆಕ್ಕ ಸಿಕ್ಕರೇನೇ ಮುಂದೆ ಇನ್ನೊಬ್ಬರ ಕಣ್ಣಿಗೆ ಹಾಳೆ ಹೋಗುವುದು.

“ಯಾವಾಗ?”

“ಇವತ್ತು ಸಂಜಿಕ ಅಪ್ಪಾ.”

ಅವರು ರಿಸೀವರ್ ಮೇಲಿದ್ದ ನನ್ನ ಕೈಯನ್ನು ತಡವಿ ಹಿಡಿದುಕೊಂಡರು.

“ನಾಳೆ ಮಾಡಾಕ ಬರೂದಿಲ್ಲೇನವಾ? ಇವತ್ತೊಂದಿನ ಇರ್ಲಿ ಅವು.”

“ಕೇಳಿ ನೋಡ್ತೇನಿ ಅಪ್ಪಾ” ಎಂದಳು ಮಗಳು.